ಹರ್ಮ್ಲೆ ಯಂತ್ರದ ಗ್ರ್ಯಾಂಡ್‌ಫಾದರ್ ಗಡಿಯಾರ: ಮನೆ ಬದಲಿಸಿದ ಮೇಲಿನ ವಿಮರ್ಶೆ, ಕಲಬುರಗಿಯಿಂದ

ಮನೆ ಬದಲಿಸಿದ ವಾರದಲ್ಲೇ ಗ್ರ್ಯಾಂಡ್‌ಫಾದರ್ ಗಡಿಯಾರ ನಿಂತುಬಿಟ್ಟರೆ ಕಲಬುರಗಿಯಲ್ಲಿ ಕೇಳಿಬರುವ ತೀರ್ಪು ಸಾಮಾನ್ಯವಾಗಿ ಒಂದೇ: "ಮಷಿನ್ ಹೋಗ್ಯಾದ ರೀ, ಬಿಚ್ಚಬೇಕಾಗ್ತದ." ಬಿಚ್ಚಲು ಬಿಡಬೇಡಿ. ಟೆಂಪೋ ಹತ್ತುವ ಮುಂಚೆ ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಇಳಿದ ಮೇಲೆ ನಿಂತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ನೆಲವನ್ನು, ಆಮೇಲೆ ಗೋಡೆಯನ್ನು, ಆಮೇಲೆ ಸಾಗಿಸಿದವರ ಕೈಯನ್ನು. ಹಲ್ಲುಗಾಲಿಗಳ ಸರದಿ ಕೊನೆಗೆ.

ಹರ್ಮ್ಲೆ ಜರ್ಮನಿಯ ಕಂಪನಿ. 1922ರಲ್ಲಿ ಗೊಸ್‌ಹೈಮ್ ಊರಿನಲ್ಲಿ ಶುರುವಾದದ್ದು. ಗಡಿಯಾರದ ಮುಖದ ಮೇಲೆ ಬೇರೆ ಯಾವುದೋ ಹೆಸರಿದ್ದು, ಒಳಗೆ ಹರ್ಮ್ಲೆ ಯಂತ್ರ ಕೂತಿರುವುದು ತುಂಬಾ ಸಾಮಾನ್ಯ. ಹಿಂಬದಿಯ ಹಿತ್ತಾಳೆ ತಟ್ಟೆಯ ಮೇಲೆ ಟಾರ್ಚ್ ಬಿಟ್ಟು ನೋಡಿ: ಮಾದರಿ ಸಂಖ್ಯೆ, ಲೋಲಕದ ಉದ್ದ, ನಿಮಿಷಕ್ಕೆ ಎಷ್ಟು ಬಡಿತ ಅನ್ನುವುದನ್ನೆಲ್ಲ ಅಚ್ಚು ಹಾಕಿರುತ್ತಾರೆ. 451 ಎಂದಿದ್ದರೆ ಚೈನ್ ಎಳೆದು ಗುಂಡು (ತನ್ನ ಭಾರದಿಂದ ಯಂತ್ರ ನಡೆಸುವ ತೂಕ) ಮೇಲೇರಿಸುವ ಮಾದರಿ. 1151 ಅಥವಾ 1161 ಎಂದಿದ್ದರೆ ಕೇಬಲ್ ಮಾದರಿ. ಮುಖದ ತೂತಿನಲ್ಲಿ ಹಿಡಿಕೆ ಹಾಕಿ ಚಾವಿ ಕೊಡಬೇಕು. 1151ರಲ್ಲಿ ಕಾಲುಗಂಟೆಗೊಮ್ಮೆ ನುಡಿಯುವ ವೆಸ್ಟ್‌ಮಿನ್‌ಸ್ಟರ್ ರಾಗ ಮಾತ್ರ, 1161ರಲ್ಲಿ ಮೂರು ರಾಗ. ಮೂರರದ್ದೂ ಒಂದು ಸಲ ಚಾವಿ ಕೊಟ್ಟರೆ ಎಂಟು ದಿನದ ಓಟ. ಬಡಿತದ ಸಂಖ್ಯೆಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವರ್ಗಾವಣೆಯ ನೌಕರಿಯವರು, ಮೂರು ವರ್ಷಕ್ಕೊಮ್ಮೆ ಕಲಬುರಗಿ, ಬೀದರ್, ಯಾದಗಿರಿ ಎಂದು ಸಾಮಾನು ಕಟ್ಟುವವರು, ಚೈನ್ ಮಾದರಿಯನ್ನೇ ತೆಗೆದುಕೊಳ್ಳಿ. ನೋಡಲು ಕೇಬಲ್ ಮಾದರಿ ಚಂದ, ಚಾವಿ ಕೊಡುವ ಗತ್ತೂ ಅದಕ್ಕೇ ಇದೆ. ಆದರೆ ಸಾಗಣೆಯಲ್ಲಿ ಕೇಬಲ್ ಒಂದು ಸಲ ಉರುಳೆಯ ಮೇಲೆ ಸುತ್ತು ತಪ್ಪಿ ಸಿಕ್ಕಿಕೊಂಡರೆ ಯಂತ್ರ ಕೆಳಗಿಳಿಸದೆ ಬೇರೆ ದಾರಿ ಇಲ್ಲ. ಚೈನು ಹಲ್ಲಿನಿಂದ ಜಾರಿದರೆ ತಾಳ್ಮೆಯಿರುವ ಯಾರಾದರೂ ಅರ್ಧ ಗಂಟೆಯಲ್ಲಿ ಮತ್ತೆ ಕೂರಿಸಬಹುದು.

ಕಟ್ಟುವಾಗಲೇ ಅರ್ಧ ಕೆಡುತ್ತದೆ

ಪ್ಯಾಕಿಂಗ್ ಸೇವೆಯವರು ಫ್ರಿಜ್ಜು, ಕಪಾಟು ಸಾಗಿಸುವಷ್ಟೇ ಸಲೀಸಾಗಿ ಇದನ್ನೂ ಸಾಗಿಸುತ್ತೇವೆ ಎನ್ನುತ್ತಾರೆ. ಅವರ ಕೋಟೇಶನ್‌ನಲ್ಲಿ 'ಬಿಚ್ಚಿ ಜೋಡಿಸುವುದು' ಎಂದಿದ್ದರೆ ಅದು ಮಂಚ, ಕಪಾಟಿನ ಸ್ಕ್ರೂಗೆ ಸಂಬಂಧಿಸಿದ ಮಾತು. ಗಡಿಯಾರದ ಪೆಟ್ಟಿಗೆ ಹೊರುವ ಕೆಲಸಕ್ಕೆ ಅವರು ಸಾಕು, ಒಳಗೆ ಕೈ ಹಾಕುವ ಕೆಲಸ ಮನೆಯವರೇ ಮಾಡಬೇಕು.

ಮೊದಲು ಲೋಲಕವನ್ನು ಕೈಯಿಂದ ತಡೆದು ನಿಲ್ಲಿಸಿ. ಕೇಬಲ್ ಮಾದರಿಯಾದರೆ ಗುಂಡುಗಳನ್ನು ಮೇಲ್ತುದಿಗೆ ನಾಲ್ಕು ಬೆರಳು ಬಾಕಿ ಇರುವಷ್ಟು ಏರಿಸಿ. ರಾಟೆ ಮತ್ತು ಯಂತ್ರ ಕೂತ ಹಲಗೆಯ ನಡುವೆ ಸುತ್ತಿದ ರಟ್ಟು ಅಥವಾ ಥರ್ಮಾಕೋಲ್ ತುಂಡು ಇಟ್ಟು, ಅದು ಬಿಗಿಯಾಗುವ ತನಕ ಮೆಲ್ಲಗೆ ಚಾವಿ ಕೊಡಿ. ಈಗ ಗುಂಡು ತೆಗೆದರೂ ಕೇಬಲ್ ಸಡಿಲವಾಗುವುದಿಲ್ಲ. ಈ ರಟ್ಟಿನ ತುಂಡಿನ ಬೆಲೆ ಸೊನ್ನೆ, ಅದನ್ನು ಮರೆತರೆ ಬೀಳುವ ಖರ್ಚು ಇಡೀ ಯಂತ್ರ ಬಿಚ್ಚುವಷ್ಟು. ಗುಂಡಿಲ್ಲದ ಗಡಿಯಾರಕ್ಕೆ ಯಾವತ್ತೂ ಚಾವಿ ಕೊಡಬೇಡಿ. ಗುಂಡನ್ನು ಕೈಯಲ್ಲಿ ಎತ್ತಿ ಹಿಡಿದು ಸಹಾಯ ಮಾಡುತ್ತಾ ಚಾವಿ ಕೊಡುವುದೂ ಅದೇ ತಪ್ಪು. ಚೈನ್ ಮಾದರಿಗೆ ಯಂತ್ರದ ಕೆಳಗೇ, ಎರಡೂ ಬದಿಯ ಚೈನಿನ ಕೊಂಡಿಗಳಿಗೆ ಒಂದು ತಂತಿ ಪೋಣಿಸಿ ತಿರುಚಿದರೆ ಸಾಕು.

ಗುಂಡುಗಳು ನೋಡಲು ಒಂದೇ ಥರ, ತೂಕ ಒಂದೇ ಅಲ್ಲ. ಎಡಗಡೆಯದು ಗಂಟೆ ಹೊಡೆಯಲು, ನಡುವಿನದು ಸಮಯ ನಡೆಸಲು, ಬಲಗಡೆಯದು ಕಾಲುಗಂಟೆಯ ರಾಗಕ್ಕೆ. ಬಲಗಡೆಯದೇ ಹೆಚ್ಚು ಭಾರ. ಅಡಿಯಲ್ಲಿ ಎಲ್, ಸಿ, ಆರ್ ಎಂಬ ಗುರುತಿನ ಚೀಟಿ ಇರುತ್ತದೆ. ಚೀಟಿ ಉದುರಿಹೋಗಿದ್ದರೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ, ಎರಡು ನಿಮಿಷದ ಕೆಲಸ. ಹೊಳಪಿನ ಹಿತ್ತಾಳೆಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ನಮ್ಮ ಏಪ್ರಿಲ್ ತಿಂಗಳ ಬೆವರು ಬೆರಳಿನ ಗುರುತನ್ನು ಅಲ್ಲೇ ಅಚ್ಚು ಹಾಕಿಬಿಡುತ್ತದೆ.

ಲೋಲಕ ತೆಗೆಯುವ ಕ್ಷಣದಲ್ಲೇ ಹೆಚ್ಚು ಅನಾಹುತ. ಲೋಲಕ ನೇತಾಡುವುದು ಸಸ್ಪೆನ್ಷನ್ ಸ್ಪ್ರಿಂಗ್ ಎಂಬ ಪುಟ್ಟ ಉಕ್ಕಿನ ಪಟ್ಟಿಯಿಂದ. ಎರಡು ಹಿತ್ತಾಳೆ ತುದಿಗಳ ನಡುವೆ ಕಾಗದದಷ್ಟು ತೆಳ್ಳಗಿನ ಪಟ್ಟಿ. ಲೋಲಕದ ಕೆಳಗಿನ ತಟ್ಟೆ ಹಿಡಿದು ಎಳೆದರೆ ಅದು ತಿರುಚಿಕೊಳ್ಳುತ್ತದೆ. ಒಂದು ಕೈಯಲ್ಲಿ ಮೇಲಿನ ಕೊಕ್ಕೆಯ ಕಡ್ಡಿಯನ್ನು ಹಿಡಿದು, ಇನ್ನೊಂದರಲ್ಲಿ ಲೋಲಕವನ್ನು ಒಂದು ಬೆರಳಗಲ ಮೇಲೆತ್ತಿ ಬಿಡಿಸಬೇಕು. ಲೋಲಕ ಹಾಗೇ ತೂಗಾಡುತ್ತಿರುವಾಗ ಪೆಟ್ಟಿಗೆಯನ್ನು ಪಕ್ಕದ ಕೋಣೆಗೆ ಜರುಗಿಸಿದರೂ ಸಾಕು, ಈ ಪಟ್ಟಿ ಮಡಚಿಹೋಗುತ್ತದೆ.

ರಾಗದ ಸುತ್ತಿಗೆಗಳ ಸಾಲಿಗೆ ಸ್ಪಂಜು ತುರುಕಿ. ಮತ್ತೆ ಕೂರಿಸುವಾಗ ಅದನ್ನು ತೆಗೆಯಲು ಮರೆಯಬೇಡಿ. "ರಾಗಾನೇ ಬರೂದಿಲ್ಲ" ಎಂಬ ದೂರಿನ ಹಿಂದೆ ಈ ಸ್ಪಂಜು ಇರುವುದುಂಟು.

ಫರ್ಸಿ, ಗೋಡೆ, ಮತ್ತು ಐದನೇ ದಿನ

ಈ ಭಾಗದ ಮನೆಗಳಲ್ಲಿ ಗಡಿಯಾರಕ್ಕೆ ಸವಾಲು ಎಸೆಯುವುದು ನೆಲ. ಇಲ್ಲಿನ ಹಾಸುಗಲ್ಲು, ಶಹಾಬಾದಿ ಫರ್ಸಿ, ತಂಪು, ಗಟ್ಟಿ, ಅಗ್ಗ, ಆದರೆ ಪಾಲಿಶ್ ಮಾಡದ ಫರ್ಸಿಯ ಮೈ ಎಲ್ಲೂ ಸಪಾಟಾಗಿರುವುದಿಲ್ಲ. ಎರಡು ಫರ್ಸಿಗಳ ಸಂದಿನಲ್ಲಿ ಎರಡು ಮೂರು ಮಿಲಿಮೀಟರ್ ಏರುಪೇರು ಮಾಮೂಲು. ಸುಮಾರು ಎರಡು ಮೀಟರ್ ಎತ್ತರದ ಪೆಟ್ಟಿಗೆಯ ಒಂದು ಕಾಲು ಸಂದಿನ ಮೇಲೆ ನಿಂತರೆ, ಕೆಳಗಿನ ಎರಡು ಮಿಲಿಮೀಟರ್ ವ್ಯತ್ಯಾಸ ತಲೆಯ ಹತ್ತಿರ ಒಂದು ಸೆಂಟಿಮೀಟರ್ ದಾಟುವ ವಾಲಾಟವಾಗುತ್ತದೆ.

ಈಚಿನ ಪೆಟ್ಟಿಗೆಗಳಿಗೆ ನಾಲ್ಕು ತಿರುಪು ಕಾಲುಗಳಿರುತ್ತವೆ. ಗೌಂಡಿಯ ಹತ್ತಿರ ರಸಮಟ್ಟ ಇಸಿದುಕೊಂಡು ಪೆಟ್ಟಿಗೆಯ ಪಕ್ಕಕ್ಕೂ ಮುಂದಕ್ಕೂ ಹಿಡಿದು ಕಾಲು ತಿರುಗಿಸಿ. ಹಳೇ ಪೆಟ್ಟಿಗೆಗೆ ಕಾಲಿನ ತಿರುಪು ಇಲ್ಲದಿದ್ದರೆ ಫರ್ಸಿಯ ಚೂರು ಕೊಡುವ ರೂಢಿ ಇದೆ. ಅದು ಪುಡಿಯಾಗುತ್ತದೆ, ನಾಲ್ಕು ತಿಂಗಳಲ್ಲಿ ಪೆಟ್ಟಿಗೆ ಮತ್ತೆ ವಾಲುತ್ತದೆ. ರಟ್ಟಿನ ಮಡಿಕೆಯೂ ಹಾಗೇ ತಗ್ಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಗಲವಾದ ಕಬ್ಬಿಣದ ವಾಷರ್ ಒಂದರ ಮೇಲೊಂದು ಇಡುವುದು ಎಲ್ಲಕ್ಕಿಂತ ವಾಸಿ. ಆಮೇಲೆ ಪೆಟ್ಟಿಗೆಯ ತಲೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಅಲುಗಿದರೆ ಕೆಲಸ ಮುಗಿದಿಲ್ಲ.

ಅಲುಗಾಟಕ್ಕೆ ಇಷ್ಟು ಮಹತ್ವ ಯಾಕೆ? ಗಡಿಯಾರ ಸೋಮವಾರ ಚಾವಿ ಕೊಟ್ಟರೆ ಶುಕ್ರವಾರ ನಿಲ್ಲುತ್ತದೆ, ಮತ್ತೆ ತೂಗಿಬಿಟ್ಟರೆ ನಡೆಯುತ್ತದೆ, ಮುಂದಿನ ವಾರವೂ ಅದೇ ಹೊತ್ತಿಗೆ ಕೈ ಕೊಡುತ್ತದೆ. ಇದು ಸಾಗಣೆಯ ನಂತರದ ತೊಂದರೆಗಳಲ್ಲೇ ತುಂಬಾ ಜನರನ್ನು ದಾರಿ ತಪ್ಪಿಸುವಂಥದ್ದು. ದಿನ ಕಳೆದಂತೆ ಗುಂಡುಗಳು ಇಳಿಯುತ್ತಾ ನಾಲ್ಕೈದನೇ ದಿನಕ್ಕೆ ಲೋಲಕದ ತಟ್ಟೆಯ ಮಟ್ಟಕ್ಕೆ ಬರುತ್ತವೆ. ಆ ಎತ್ತರದಲ್ಲಿ ನೇತಾಡುವ ಗುಂಡಿನ ತೂಗುವ ಲಯವೂ ಲೋಲಕದ ಲಯವೂ ಹೆಚ್ಚುಕಡಿಮೆ ಒಂದೇ. ಪೆಟ್ಟಿಗೆ ಕೂದಲೆಳೆಯಷ್ಟು ಅಲುಗಿದರೂ ಸಾಕು, ಲೋಲಕದ ಶಕ್ತಿ ಗುಂಡಿಗೆ ಸಾಗಿ ಗುಂಡು ತೂಗಲು ಶುರುವಾಗುತ್ತದೆ, ಲೋಲಕ ಸೊರಗಿ ನಿಲ್ಲುತ್ತದೆ. ನಿಂತ ಹೊತ್ತಿಗೆ ಬಾಗಿಲು ತೆರೆದು ಗುಂಡು ಎಲ್ಲಿದೆ ನೋಡಿ. ಲೋಲಕದ ಪಕ್ಕದಲ್ಲೇ ಇದ್ದರೆ ಯಂತ್ರ ನಿರಪರಾಧಿ.

ಇದಕ್ಕೆ ಮದ್ದು ಗೋಡೆಗೆ ಬಿಗಿಯುವುದು. ಪೆಟ್ಟಿಗೆಯ ಬೆನ್ನಿನ ಮೇಲ್ಭಾಗದಲ್ಲಿ ಒಂದು ಎಲ್ ಆಕಾರದ ಪಟ್ಟಿ, ಒಂದು ಸ್ಕ್ರೂ. ಇಲ್ಲೂ ಎರಡು ತೊಡಕು. ಕೆಳಗೆ ಸ್ಕರ್ಟಿಂಗ್ ಇರುವ ಕಾರಣ ಪೆಟ್ಟಿಗೆ ಗೋಡೆಗೆ ತಾಗುವುದಿಲ್ಲ. ಹಾಗೇ ಸ್ಕ್ರೂ ಬಿಗಿದರೆ ತಲೆ ಹಿಂದಕ್ಕೆ ವಾಲುತ್ತದೆ. ಸ್ಕರ್ಟಿಂಗ್ ಎಷ್ಟು ದಪ್ಪವೋ ಅಷ್ಟೇ ದಪ್ಪದ ಮರದ ತುಂಡನ್ನು ನಡುವೆ ಕೊಟ್ಟು ಬಿಗಿಯಬೇಕು. ಎರಡನೆಯದು ಗೋಡೆ. ಮಣ್ಣಿನ ಗಾರೆಯ ಹಳೇ ಕಲ್ಲುಗೋಡೆಗೆ, ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಗೋಡೆಗೆ, ಗಿಡ್ಡ ಪ್ಲಾಸ್ಟಿಕ್ ಪ್ಲಗ್ ಹಿಡಿತ ಕೊಡುವುದಿಲ್ಲ; ಪ್ಲಾಸ್ಟರ್ ಪುಡಿಯೊಂದಿಗೆ ಕೈಗೆ ಬರುತ್ತದೆ. ಬಡಗಿಯಿಂದ ಉದ್ದನೆಯ ಮರದ ಗೂಟ ಹೊಡೆಸಿ, ಅದಕ್ಕೆ ಸ್ಕ್ರೂ ಹಾಕಿಸಿ.

ಜಾಗದ ಆಯ್ಕೆಯಲ್ಲಿ ಒಂದೇ ಕಟ್ಟುನಿಟ್ಟು: ಏರ್ ಕೂಲರಿನ ಎದುರು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಹಗಲೆಲ್ಲ ನೀರಿನ ಗಾಳಿ ಊದಿದರೆ ಪೆಟ್ಟಿಗೆಯ ಬಾಗಿಲು ಉಬ್ಬಿ ಕಚ್ಚಿಕೊಳ್ಳುತ್ತದೆ, ರಾಗದ ಉಕ್ಕಿನ ಕಡ್ಡಿಗಳಿಗೆ ತುಕ್ಕು ಹಿಡಿಯುತ್ತದೆ.

ಕಿವಿಗೊಟ್ಟು ಕೇಳುವ ಕೆಲಸ

ಮಟ್ಟ ಸರಿಯಾದ ಮೇಲೆ ಲೋಲಕ ನೇತುಹಾಕಿ. ಸ್ಪ್ರಿಂಗಿನ ಕೆಳಗಿನ ಕಡ್ಡಿ, ಯಂತ್ರದಿಂದ ಕೆಳಗಿಳಿದ ಕವೆಯ ನಡುವೆ ಕೂತಿದೆಯೇ ಎಂದು ಹಿಂದಿನಿಂದ ಅಥವಾ ಪಕ್ಕದ ಬಾಗಿಲಿನಿಂದ ನೋಡಿ. ಆಮೇಲೆ ಗುಂಡುಗಳನ್ನು ಅವುಗಳ ಜಾಗಕ್ಕೆ ಹಾಕಿ, ತುಸು ಚಾವಿ ಕೊಟ್ಟು, ಕೇಬಲ್ ಉರುಳೆಯ ಮೇಲೆ ಸಾಲಾಗಿ ಸುತ್ತುತ್ತಿದೆ ಎಂದು ಖಚಿತವಾದ ಮೇಲೆ ರಟ್ಟು ತೆಗೆಯಿರಿ.

ಈಗ ಫ್ಯಾನ್, ಟಿವಿ ಬಂದ್ ಮಾಡಿ ಕೇಳಿ. ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮವಾಗಿರಬೇಕು. ಟಿಕ್-ಟಾಕ್, ಬಿಡುವು, ಟಿಕ್-ಟಾಕ್, ಬಿಡುವು ಎಂದು ಕುಂಟುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲೇ ನಿಂತುಬಿಡಬಹುದು. ಈಚಿನ ಹರ್ಮ್ಲೆ ಯಂತ್ರಗಳಲ್ಲಿ ಬಡಿತ ತಾನೇ ಸರಿಹೊಂದುವ ವ್ಯವಸ್ಥೆ ಇದೆ, ಇದು ಈ ಯಂತ್ರದ ಬಹುದೊಡ್ಡ ಗುಣ. ಲೋಲಕವನ್ನು ಪೆಟ್ಟಿಗೆಯ ಪಕ್ಕಕ್ಕೆ ತಾಗುವ ಹತ್ತಿರದವರೆಗೆ ಎಳೆದು ಬಿಟ್ಟು, ಕೆಲವು ನಿಮಿಷ ಮುಟ್ಟದೆ ಕಾಯಿರಿ. ತೂಗಾಟ ಕಡಿಮೆಯಾಗುತ್ತಾ ಬಂದಂತೆ ಕುಂಟು ತಾನೇ ಹೋಗುತ್ತದೆ.

ಹಳೇ ಯಂತ್ರಕ್ಕೆ ಕೈಯಿಂದಲೇ ಮಾಡಬೇಕು. ಪೆಟ್ಟಿಗೆಯ ಎಡಬದಿಯನ್ನು ಸ್ವಲ್ಪ ಎತ್ತಿ ಕೇಳಿ, ಆಮೇಲೆ ಬಲಬದಿಯನ್ನು. ಯಾವ ಬದಿ ಎತ್ತಿದಾಗ ಬಡಿತ ಸಮವಾಯಿತೋ ಆ ಬದಿಗೇ ಕವೆಯನ್ನು ಸರಿಸಬೇಕು. ಲೋಲಕ ನಿಲ್ಲಿಸಿ, ಕವೆಯನ್ನು ಆ ದಿಕ್ಕಿಗೆ ಮೆಲ್ಲಗೆ ಒತ್ತಿ. ಅದು ತಡೆಯುವ ತನಕ ಹೋಗಿ, ಇನ್ನೊಂದಿಷ್ಟು ಒತ್ತಿದಾಗ ಜಾರಿದ ಅನುಭವವಾಗುತ್ತದೆ. ಒಂದೊಂದು ಮಿಲಿಮೀಟರ್ ಲೆಕ್ಕದಲ್ಲಿ ಸರಿಸಿ, ಪ್ರತಿ ಸಲ ಮತ್ತೆ ಕೇಳಿ. ಪೆಟ್ಟಿಗೆಯನ್ನೇ ಓರೆಯಾಗಿ ನಿಲ್ಲಿಸಿ ಬಡಿತ ಸರಿಮಾಡಿ ಹೋಗುವ ರಿಪೇರಿಯವರಿದ್ದಾರೆ. ನಡೆಯುತ್ತದೆ ನಿಜ, ಆದರೆ ನೆಲ ಒರೆಸುವವರು ಕಾಲಿನ ಕೆಳಗಿನ ಚೂರನ್ನು ಕಿತ್ತ ದಿನ ನಿಲ್ಲುತ್ತದೆ.

ಲೋಲಕ ಎಡಬಲಕ್ಕೆ ತೂಗುವ ಬದಲು ಮೀನಿನ ಬಾಲದಂತೆ ಸುಳಿದಾಡುತ್ತಿದ್ದರೆ ಸಸ್ಪೆನ್ಷನ್ ಸ್ಪ್ರಿಂಗ್ ಬಾಗಿದೆ. ನೇರ ಮಾಡಲು ಹೋಗಬೇಡಿ, ಬದಲಿಸಿ. ಹಿಂಬದಿ ತಟ್ಟೆಯ ಸಂಖ್ಯೆ ಕೊಟ್ಟರೆ ಸರಿಯಾದ ಅಳತೆಯದು ಸಿಗುತ್ತದೆ. ಬಿಡಿಭಾಗ ಕಲಬುರಗಿ ಪೇಟೆಯಲ್ಲಿ ಹುಡುಕುವುದಕ್ಕಿಂತ ಹೈದರಾಬಾದಿನಿಂದಲೋ ಆನ್‌ಲೈನಿನಲ್ಲೋ ತರಿಸುವುದು ವಾಸಿ. ತರಿಸುವಾಗ ಎರಡು ತರಿಸಿಟ್ಟುಕೊಳ್ಳಿ, ಅಷ್ಟು ಸಣ್ಣ ಭಾಗ.

ನಿಲ್ಲುವ ಹೊತ್ತೂ ಕಾರಣ ಹೇಳುತ್ತದೆ. ಮುಳ್ಳುಗಳು ಒಂದರ ಮೇಲೊಂದು ಹಾಯುವ ಹೊತ್ತಿಗೆ ನಿಂತರೆ ಅವು ತಾಗುತ್ತಿವೆ, ಗಂಟೆಮುಳ್ಳನ್ನು ಹಿಂದಕ್ಕೆ ತುಸು ಒತ್ತಿ. ಕಾಲುಗಂಟೆಗೆ ಸರಿಯಾಗಿ ನಿಂತರೆ ರಾಗದ ಕಡೆ ನೋಡಿ: ಬಲಗಡೆಯ ಭಾರದ ಗುಂಡು ಬೇರೆ ಕಡೆ ಹೋಗಿರಬಹುದು, ಇಲ್ಲವೇ ರಾಗ ನುಡಿಸುವ, ನಿಲ್ಲಿಸುವ ಸನ್ನೆಕೋಲು ಎರಡರ ನಡುವೆ ಸಿಕ್ಕಿರಬಹುದು.

ಗಂಟೆಯ ಲೆಕ್ಕ ತಪ್ಪಿದ್ದರೆ, ಅಂದರೆ ಮುಳ್ಳು ನಾಲ್ಕು ತೋರಿಸಿ ಏಳು ಹೊಡೆದರೆ, ಗಾಬರಿ ಬೇಡ. ಗಂಟೆಮುಳ್ಳು ಬಿಗಿಯಾಗಿ ತುರುಕಿದ್ದಷ್ಟೇ, ಅದನ್ನು ಕೈಯಿಂದ ಏಳಕ್ಕೆ ಸರಿಸಿ, ಆಮೇಲೆ ನಿಮಿಷಮುಳ್ಳಿನಿಂದ ಸಮಯ ಕೂಡಿಸಿ. ಕಾಲುಗಂಟೆಗೆ 4 ಸ್ವರ, ಅರ್ಧಕ್ಕೆ 8, ಮುಕ್ಕಾಲಿಗೆ 12, ಪೂರ್ತಿಗೆ 16 ಬರಬೇಕು. ಈ ಕ್ರಮ ತಪ್ಪಿದ್ದರೆ ಮುಟ್ಟದೆ ಎರಡು ಗಂಟೆ ಬಿಡಿ, ಯಂತ್ರವೇ ಸರಿಮಾಡಿಕೊಳ್ಳುತ್ತದೆ. ಸ್ವರ ಠಣ್ ಎನ್ನದೆ ಟಪ್ ಎಂದರೆ ಸುತ್ತಿಗೆ ರಾಗದ ಕಡ್ಡಿಯ ಮೇಲೆಯೇ ಕೂತಿದೆ. ಎರಡು ಮೂರು ಮಿಲಿಮೀಟರ್ ಅಂತರ ಬರುವಂತೆ ಸುತ್ತಿಗೆಯ ತಂತಿಯನ್ನು ಬಾಗಿಸಿ. ಕಡ್ಡಿಯನ್ನು ಬಾಗಿಸಲು ಹೋದರೆ ಅದು ಕುತ್ತಿಗೆಯಲ್ಲೇ ಮುರಿಯುತ್ತದೆ, ಬೆಸುಗೆ ಹಾಕಿದರೆ ಆ ಸ್ವರ ವಾಪಸ್ ಬರುವುದಿಲ್ಲ.

ಊರು ಬದಲಾದರೆ ಸಮಯವೂ ಬದಲು

ಬೆಂಗಳೂರಿನಲ್ಲಿ ಸೆಕೆಂಡಿಗೆ ಸೆಕೆಂಡ್ ಕೂಡಿಸಿದ್ದ ಗಡಿಯಾರ ಕಲಬುರಗಿಗೆ ಬಂದರೆ ದಿನಕ್ಕೆ ಸುಮಾರು 12ರಿಂದ 15 ಸೆಕೆಂಡ್ ಮುಂದೆ ಹೋಗುತ್ತದೆ. ಇದು ದೋಷವಲ್ಲ, ಭೂಮಿಯ ಸೆಳೆತ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಕಲಬುರಗಿ ಅದರ ಅರ್ಧ. ಜೊತೆಗೆ ಕಲಬುರಗಿ ಉತ್ತರಕ್ಕೂ ನಾಲ್ಕು ಡಿಗ್ರಿ ಹೆಚ್ಚು. ಎರಡೂ ಸೇರಿ ಗುರುತ್ವ ತುಸು ಹೆಚ್ಚಾಗಿ ಲೋಲಕ ಬೇಗ ತೂಗುತ್ತದೆ. ಹೈದರಾಬಾದಿನಿಂದ ತಂದದ್ದಾದರೆ ಈ ವ್ಯತ್ಯಾಸ ಗಮನಕ್ಕೇ ಬಾರದು.

ಇನ್ನೊಂದು ಬಿಸಿಲು. ಉಕ್ಕಿನ ದಂಡದ ಲೋಲಕ ಉಷ್ಣಾಂಶ 1 ಡಿಗ್ರಿ ಏರಿದರೆ ದಿನಕ್ಕೆ ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ, ಹಿತ್ತಾಳೆಯದು 0.8 ಸೆಕೆಂಡ್. ಡಿಸೆಂಬರಿನಿಂದ ಮೇ ತಿಂಗಳಿಗೆ ಮನೆಯೊಳಗೆ 20 ಡಿಗ್ರಿ ಏರಿದರೆ 10ರಿಂದ 16 ಸೆಕೆಂಡ್ ಲೆಕ್ಕವಾಯಿತು. ಮರದ ದಂಡದ್ದು ಇಷ್ಟು ಆಡುವುದಿಲ್ಲ. ಹೀಗಾಗಿ ಬೇಸಿಗೆಯಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಲೋಲಕದ ಕೆಳಗಿನ ನಟ್ಟು ಮುಟ್ಟುವುದು ಮಾಮೂಲು ಎಂದುಕೊಳ್ಳಿ. ನಟ್ಟು ಬಲಕ್ಕೆ ತಿರುಗಿಸಿದರೆ ತಟ್ಟೆ ಮೇಲೇರಿ ಗಡಿಯಾರ ಓಡುತ್ತದೆ, ಎಡಕ್ಕೆ ತಿರುಗಿಸಿದರೆ ನಿಧಾನ. ಒಂದು ಪೂರ್ತಿ ಸುತ್ತಿಗೆ ದಿನಕ್ಕೆ ಅರ್ಧ ನಿಮಿಷದ ಆಸುಪಾಸು. ತಿರುಗಿಸಿ 24 ಗಂಟೆ ಕಾಯದೆ ಮತ್ತೆ ಕೈ ಹಾಕಬೇಡಿ. ನಟ್ಟು ಪೂರ್ತಿ ಏರಿಸಿದರೂ ಸಮಯ ಕೂಡದಿದ್ದರೆ ಬಡಿತದ ಸಂಖ್ಯೆಯ ಆ ಫೋಟೋ ನೋಡಿ: 66 ಬಡಿತದ ಯಂತ್ರಕ್ಕೆ 60 ಬಡಿತದ ಉದ್ದನೆಯ ಲೋಲಕ ಬಂದು ಕೂತಿರಬಹುದು.

ಚಂದ್ರನ ತಟ್ಟೆ ಇರುವ ಮಾದರಿಗೆ ಗೋಡೆಯ ಪಂಚಾಂಗವೇ ಸಾಕು. ಹುಣ್ಣಿಮೆ ಚಂದ್ರನನ್ನು ಕಮಾನಿನ 15ರ ಕೆಳಗೆ ತಂದು, ಹುಣ್ಣಿಮೆಯಾಗಿ ಎಷ್ಟು ದಿನವಾಯಿತೋ ಕಮಾನಿನ ಅಷ್ಟೇ ಅಂಕಿ ಮುಂದಕ್ಕೆ ಸರಿಸಿ. ಬಿಗಿಯೆನಿಸಿದರೆ ಯಂತ್ರ ಅದನ್ನು ಹಿಡಿದಿರುವ ಹೊತ್ತು. ಕೆಲವು ಗಂಟೆ ಬಿಟ್ಟು ಪ್ರಯತ್ನಿಸಿ.

ಎಣ್ಣೆಯ ವಿಷಯದಲ್ಲಿ ಈ ಯಂತ್ರಕ್ಕೆ ಪೂರ್ತಿ ಅಂಕ ಕೊಡಲಾಗದು, ತಪ್ಪು ಅದರದ್ದಲ್ಲದಿದ್ದರೂ. ಕಪನೂರಿನ ದಾಲ್ ಮಿಲ್ಲುಗಳ ಹತ್ತಿರ, ಶಹಾಬಾದ, ವಾಡಿ, ಸೇಡಂ ಕಡೆಯ ಕಲ್ಲು-ಸಿಮೆಂಟಿನ ದೂಳಿನಲ್ಲಿ, ಹಲ್ಲುಗಾಲಿಯ ಅಚ್ಚು ಕೂರುವ ತೂತಿನ ಎಣ್ಣೆ ಬೇಗ ಮಸಿಯ ಅಂಟಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಡಿಯಾರದ ಎಣ್ಣೆಯನ್ನೇ, ಅಚ್ಚಿನ ತುದಿ ಕೂರುವ ತೂತಿಗೆ ಮಾತ್ರ, ಒಂದೊಂದು ಹನಿ. ಹಲ್ಲುಗಾಲಿಗೆ ಎಣ್ಣೆ ಬೇಡ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ.

ರಿಪೇರಿಯವರನ್ನು ಕರೆಯಲೇಬೇಕಾದರೆ ಫೋನಿನಲ್ಲೇ ಎರಡು ಪ್ರಶ್ನೆ ಕೇಳಿ. ಮೂರು ಗುಂಡಿನಲ್ಲಿ ಭಾರದ್ದು ಯಾವ ಕಡೆ? ಗುಂಡು ತೆಗೆಯುವ ಮುಂಚೆ ಕೇಬಲ್‌ಗೆ ಏನು ಮಾಡುತ್ತೀರಿ? ಪೇಟೆಯ ಗಡಿಯಾರದಂಗಡಿಗಳಲ್ಲಿ ಸ್ಪ್ರಿಂಗಿನ ಹಳೇ ಗೋಡೆ ಗಡಿಯಾರಗಳನ್ನು ಚೆನ್ನಾಗಿ ಬಲ್ಲ ಹಿರಿಯರಿದ್ದಾರೆ, ಅವರ ಕೈ ಒಳ್ಳೆಯದು. ಗುಂಡಿನ ಗಡಿಯಾರದ ಅಭ್ಯಾಸ ಬೇರೆಯೇ. ಎರಡನೇ ಪ್ರಶ್ನೆಗೆ ತಡವರಿಸಿದವರಿಗೆ ಕೇಬಲ್ ಮಾದರಿ ಒಪ್ಪಿಸಬೇಡಿ.

ಹಳೆಯದನ್ನು ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. 1970ರ ದಶಕದ ಕೊನೆಯಿಂದ 80ರ ದಶಕದಲ್ಲಿ ಬಂದ ಹರ್ಮ್ಲೆ ಯಂತ್ರಗಳಲ್ಲಿ ಅಚ್ಚಿನ ತುದಿಗಳಿಗೆ ಲೋಹದ ಲೇಪ ಕೊಟ್ಟಿದ್ದರು. ಆ ಲೇಪ ಸವೆದು ತುದಿ ಬೇಗ ತಿಂದುಹೋಗುತ್ತದೆ. ಎಣ್ಣೆ, ಸ್ವಚ್ಛತೆ ಯಾವುದಕ್ಕೂ ಬಗ್ಗುವುದಿಲ್ಲ, ಯಂತ್ರವನ್ನೇ ಬದಲಿಸಬೇಕಾಗುತ್ತದೆ. ಮಟ್ಟ ಸರಿ, ಬಡಿತ ಸಮ, ಗೋಡೆಗೆ ಬಿಗಿದದ್ದೂ ಸರಿ, ಆದರೂ ದಿನದಿನಕ್ಕೆ ತೂಗಾಟ ಕಿರಿದಾಗುತ್ತಾ ಹೋದರೆ ಆಗ ಮಾತ್ರ ಒಳಗೆ ಟಾರ್ಚ್ ಬಿಡಿ. ತೂತುಗಳ ಸುತ್ತ ಹಸಿರು-ಕಪ್ಪು ಉಂಗುರ, ತುದಿಗಳ ಮೇಲೆ ಗೀರು ಕಂಡರೆ ವ್ಯಾಪಾರದಲ್ಲಿ ಯಂತ್ರದ ಬೆಲೆ ಕಳೆದು ಪೆಟ್ಟಿಗೆಯ ಬೆಲೆ ಮಾತ್ರ ಕೊಡಿ.